ಮರಳುಗಾಡಿನ ಓಟಕ್ಕೆ ಹೊರಡುವ ಮುಂಚೆ: ಮನೆಯಲ್ಲಿ, ಮನಸ್ಸಿನಲ್ಲಿ ಆಗಬೇಕಾದ ತಯಾರಿ

ಮೊದಲ ಸಲ ಸಹಾರಾಕ್ಕೆ ಹೋದಾಗ ನಾನು ಓಟವನ್ನು ಅರ್ಧಕ್ಕೇ ಬಿಟ್ಟು ಬಂದೆ. ಕಾಲಿಗೆ ಏನೂ ಆಗಿರಲಿಲ್ಲ. ಎರಡು ಬೆರಳಿಗೆ ಬೊಬ್ಬೆ ಬಂದಿದ್ದವು, ಅಷ್ಟೇ. ನೀರಿತ್ತು, ಬ್ಯಾಗಿನಲ್ಲಿ ಬುತ್ತಿಯಿತ್ತು, ಸಮಯವೂ ಮಿಕ್ಕಿತ್ತು. ಉದ್ದನೆಯ ಹಂತದ ದಿನ ರಾತ್ರಿ ಹತ್ತರ ಸುಮಾರಿಗೆ ಒಂದು ಚೆಕ್‌ಪಾಯಿಂಟ್‌ನಲ್ಲಿ ಕೂತವಳಿಗೆ ಮತ್ತೆ ಏಳುವುದಕ್ಕೆ ಮನಸ್ಸೇ ಬರಲಿಲ್ಲ. ಮನೆಯಲ್ಲಿ ಅತ್ತೆಗೆ "ದೆಹಲಿಯಲ್ಲಿ ಶಿಕ್ಷಕರ ತರಬೇತಿ ಇದೆ" ಎಂದು ಸುಳ್ಳು ಹೇಳಿ ಹೋಗಿದ್ದೆ. ವಿಮಾನ ಹತ್ತಿದಾಗಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನನಗೇನಾದರೂ ಆದರೆ ಅವರಿಗೆ ಯಾರು ಹೇಳಬೇಕು, ಏನಂತ ಹೇಳಬೇಕು? ಎದೆ ಮೇಲಿನ ನಂಬರು ಬಿಚ್ಚಿ ಸ್ವಯಂಸೇವಕಿಯ ಕೈಗೆ ಕೊಟ್ಟುಬಿಟ್ಟೆ.

ಎರಡು ವರ್ಷದ ಮೇಲೆ ಅದೇ ಓಟವನ್ನು ಮುಗಿಸಿ ಬಂದೆ. ಎರಡನೇ ಸಲ ನಾನು ಹೆಚ್ಚು ಕಿಲೋಮೀಟರ್ ಓಡಿ ತಯಾರಾಗಿದ್ದೆ ಅಂತೇನಿಲ್ಲ. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಆಡಿ ಮುಗಿಸಿದ್ದೆ, ಕೆಟ್ಟ ಗಳಿಗೆ ಬಂದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಮಧುಗಿರಿ, ಪಾವಗಡ, ಗೌರಿಬಿದನೂರು ಕಡೆಯಿಂದ ಈಗ ಕೆಲವರು ಇಂಥ ಓಟದ ಬಗ್ಗೆ ವಿಚಾರಿಸುತ್ತಾರೆ. ಎಲ್ಲರೂ ಕೇಳುವುದು ಯಾವ ಶೂ, ಯಾವ ಬ್ಯಾಗು ಅಂತ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಉಳಿದದ್ದನ್ನು ಬರೆಯುತ್ತೇನೆ.

ಮೊದಲು ಓಟ ಎಂಥದ್ದು ಅಂತ ತಿಳಿದುಕೊಳ್ಳಿ

ಮೊರಾಕ್ಕೊದ ದಕ್ಷಿಣದಲ್ಲಿ 1986ರಲ್ಲಿ ಶುರುವಾದ ಮ್ಯಾರಥಾನ್ ದೆ ಸಾಬ್ಲ್ ಈ ಬಗೆಯ ಓಟಗಳಲ್ಲಿ ಹೆಸರಾದದ್ದು. ಸುಮಾರು 250 ಕಿಲೋಮೀಟರ್, ಒಂದು ವಾರ, ದಿನಕ್ಕೊಂದು ಹಂತ. ತುಮಕೂರಿನಿಂದ ಹೆದ್ದಾರಿ ಹಿಡಿದು ರಾಣೆಬೆನ್ನೂರು ದಾಟಿ ಹಾವೇರಿಯ ಹತ್ತಿರಕ್ಕೆ ಹೋದಷ್ಟು ದೂರ. ಅದರಲ್ಲಿ ಒಂದು ಹಂತವೇ 80 ಕಿಲೋಮೀಟರ್ ದಾಟುತ್ತದೆ, ಹಗಲು ಮುಗಿದು ರಾತ್ರಿಯೂ ನಡೆಯಬೇಕಾಗುತ್ತದೆ. ನೀರು ಮತ್ತು ಡೇರೆ ಮಾತ್ರ ಓಟ ನಡೆಸುವವರದು. ಊಟ, ಹಾಸಿಗೆ, ಬಟ್ಟೆ ಎಲ್ಲ ನಿಮ್ಮ ಬೆನ್ನ ಮೇಲೆ. ನೀರು ಬಿಟ್ಟು ಬ್ಯಾಗು 6.5 ಕಿಲೋಗಿಂತ ಕಡಿಮೆ ಇರಬಾರದು, 15 ದಾಟಬಾರದು. ದಿನಕ್ಕೆ ಕನಿಷ್ಠ 2,000 ಕ್ಯಾಲೊರಿಯ ಆಹಾರ ಇರಲೇಬೇಕು. ಹಗಲು 40 ಡಿಗ್ರಿ ದಾಟುವ ಬಿಸಿಲು, ರಾತ್ರಿ ಹಲ್ಲು ಕಡಿಯುವ ಚಳಿ. ಎಲ್ಲರಿಗಿಂತ ಹಿಂದೆ ಒಂಟೆಗಳು ಬರುತ್ತಿರುತ್ತವೆ. ಅವು ನಿಮ್ಮನ್ನು ದಾಟಿ ಹೋದರೆ ನಿಮ್ಮ ಓಟ ಮುಗಿಯಿತು. ಚಿಲಿಯ ಅಟಕಾಮಾದಲ್ಲೂ ಇಷ್ಟೇ ಉದ್ದದ ಓಟವಿದೆ. ನಮ್ಮ ದೇಶದಲ್ಲೇ ರುಚಿ ನೋಡಬೇಕೆಂದರೆ ಜೈಸಲ್ಮೇರ್ ಕಡೆಯ ಥಾರ್ ಓಟಗಳಿವೆ. ಸೀದಾ ಸಹಾರಾಕ್ಕೆ ಹೋಗುವ ಬದಲು ಮೊದಲು ಅಲ್ಲಿ ಒಂದು 50 ಕಿಲೋಮೀಟರ್ ಓಡಿ ಬನ್ನಿ ಅಂತಲೇ ನಾನು ಹೇಳುವುದು.

ಒಂದು ವರ್ಷ ಮುಂಚೆ: ಮನೆಯಲ್ಲಿ ಬಾಯಿ ಬಿಟ್ಟು ಹೇಳಿ

ಹೆಸರು ನೋಂದಾಯಿಸುವ ಮೊದಲೇ ಹೇಳಬೇಕು, ಆಮೇಲಲ್ಲ. ದುಡ್ಡು ಕಟ್ಟಿ ಬಂದು ಹೇಳಿದರೆ ಅದು ಕೇಳಿದ ಹಾಗಾಗುವುದಿಲ್ಲ, ಹೇಳಿ ಮುಗಿಸಿದ ಹಾಗಾಗುತ್ತದೆ. ಹಿರಿಯರಿಗೆ ಅದು ಚುಚ್ಚುತ್ತದೆ.

ಹೇಗೆ ಹೇಳುವುದು? "ಅಲ್ಟ್ರಾ ಮ್ಯಾರಥಾನ್" ಎಂದರೆ ನಮ್ಮ ಮನೆಗಳಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪಾದಯಾತ್ರೆ ಅಂದರೆ ಗೊತ್ತಾಗುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಎಲ್ಲರೂ ನೋಡಿದ್ದಾರೆ. ದಿನಗಟ್ಟಲೆ ನಡೆಯುವುದು, ಸಿಕ್ಕಿದ ಕಡೆ ಮಲಗುವುದು, ಅಂಗಾಲಿನ ಬೊಬ್ಬೆಗೆ ದಾರ ಪೋಣಿಸುವುದು, ಗುರುತಿಲ್ಲದವರ ಜೊತೆ ಉಣ್ಣುವುದು ಇವೆಲ್ಲ ನಮಗೆ ಹೊಸದಲ್ಲ. ನಾನು ಎರಡನೇ ಸಲ ಅತ್ತೆಯ ಮುಂದೆ ಕೂತು ಹೇಳಿದ್ದು ಹೀಗೆ: "ಏಳು ದಿನದ ಪಾದಯಾತ್ರೆ ಇದ್ದಂಗೆ ಅತ್ತೆ. ದಾರೀಲಿ ಊರಿರಲ್ಲ, ಬರೀ ಮರಳು. ಡಾಕ್ಟರು ಜೊತೇಲೇ ಇರ್ತಾರೆ." ಹಿಂದಿನ ಸಲದ ಸುಳ್ಳನ್ನೂ ಹೇಳಿಬಿಟ್ಟೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು: "ಅಲ್ಲಿ ಊಟುಕ್ಕೇನ್ ಮಾಡ್ತೀಯಮ್ಮ?"

ಆ ಪ್ರಶ್ನೆಯಿಂದಲೇ ಅವರು ನನ್ನ ತಯಾರಿಯೊಳಗೆ ಬಂದರು. ಓಟಕ್ಕೆ ಹದಿನೈದು ದಿನ ಇರುವಾಗ ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಕಬ್ಬಿಣದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹುರಿದರು. ಕಾದ ಬಾಣಲೆಗೆ ಬಿದ್ದ ರಾಗಿ ಚಟಚಟನೆ ಸಿಡಿದು, ಕೆಂಪು ಸಿಪ್ಪೆಯ ಒಳಗಿಂದ ಬೆಳ್ಳಗೆ ಅರಳಾಗಿ ಮೇಲೇಳುತ್ತಿತ್ತು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ಬಟ್ಟೆಯ ಉಂಡೆಯಿಂದ ಅದನ್ನು ತಿರುವುತ್ತಿದ್ದರು. ಮಿಲ್ಲಿಗೆ ಕೊಟ್ಟು ಬೀಸಿಸಿ ಏಲಕ್ಕಿ, ಬೆಲ್ಲದ ಪುಡಿ ಬೆರೆಸಿ ಹುರಿಟ್ಟು ಮಾಡಿದರು. ನಾನು ಏಳು ಪೊಟ್ಟಣ ಕಟ್ಟಿಕೊಂಡೆ. ಒಲೆ ಬೇಡ, ತಣ್ಣೀರಲ್ಲಿ ಕಲಸಿದರೆ ಸಾಕು. ಜೊತೆಗೆ ತಿಪಟೂರು ಕೊಬ್ಬರಿ ಮತ್ತು ಪಾವಗಡದ ಕಡ್ಲೆಬೀಜ. 100 ಗ್ರಾಂ ಕೊಬ್ಬರಿಯಲ್ಲಿ 650ಕ್ಕೂ ಹೆಚ್ಚು ಕ್ಯಾಲೊರಿ ಇದೆ, ಕಡ್ಲೆಬೀಜದಲ್ಲಿ 550ರ ಮೇಲಿದೆ. ಹೊರುವ ತೂಕಕ್ಕೆ ಇವಕ್ಕಿಂತ ಲಾಭದ ಬುತ್ತಿ ಸಿಗುವುದು ಕಷ್ಟ. ಪೊಟ್ಟಣದ ಮೇಲೆ ತೂಕ, ಕ್ಯಾಲೊರಿ ಬರೆದು ಅಂಟಿಸಿ, ಸಾಮಾನು ತಪಾಸಣೆಯಲ್ಲಿ ನೋಡುತ್ತಾರೆ.

ನಾನು ಇಷ್ಟು ಉದ್ದಕ್ಕೆ ಬರೆದದ್ದು ಊಟದ ಸಲುವಾಗಿ ಅಲ್ಲ. ಮನೆಯವರಿಗೆ ಮಾಡಲು ಒಂದು ಕೆಲಸ ಕೊಡಿ. ಹೆದರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂರುವುದು ಅವರಿಗೆ ಬಹಳ ಕಷ್ಟ.

ಗಂಡ ಅಥವಾ ಹೆಂಡತಿಯ ಜೊತೆ ಇನ್ನೊಂದು ಲೆಕ್ಕ ಕೂತು ಬರೆಯಬೇಕು. ತಯಾರಿಯ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆ ನೀವು ಮನೆಯಲ್ಲಿ ಇರುವುದಿಲ್ಲ. ಹಾಲು ಕರೆಯುವವರು ಯಾರು, ಮಕ್ಕಳನ್ನು ಎಬ್ಬಿಸುವವರು ಯಾರು, ಮದುವೆ ಮುಂಜಿಗೆ ಹೋಗುವವರು ಯಾರು? ಬಾಯಿಮಾತಲ್ಲಿ ಬಿಡದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಬದಲಾಗಿ ನೀವು ಏನು ಮಾಡುತ್ತೀರಿ ಅನ್ನುವುದನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ.

ದುಡ್ಡು ಮತ್ತು ರಜೆ

ಪ್ರವೇಶ ಶುಲ್ಕ, ವಿಮಾನ, ಸಾಮಾನು ಸೇರಿದರೆ ಸಹಾರಾ ಓಟದ ಖರ್ಚು ಹಲವು ಲಕ್ಷ. ಒಡವೆ ಅಡ ಇಟ್ಟು ಹೋಗಬೇಡಿ. ನಾನು ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದೆ. ಸಾಲದ ಕಂತಿನ ಯೋಚನೆ ಮರಳಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಪ್ಪದೆ ಬಂದು ಹೆಗಲೇರುತ್ತದೆ. ಸರ್ಕಾರಿ ನೌಕರರಾದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು, ಅರ್ಜಿಯನ್ನು ತಿಂಗಳುಗಳ ಮುಂಚೆ ಹಾಕಿ. ಮೊರಾಕ್ಕೊದ ಓಟ ಬರುವುದು ಏಪ್ರಿಲ್‌ನಲ್ಲಿ. ನಮ್ಮಂಥ ಶಿಕ್ಷಕರಿಗೆ ಅದು ಪರೀಕ್ಷೆ, ಮೌಲ್ಯಮಾಪನದ ಕಾಲ. ನಿಮ್ಮ ಕೆಲಸ ಯಾರ ಹೆಗಲಿಗೆ ಬೀಳುತ್ತದೋ ಆ ಸಹೋದ್ಯೋಗಿಗೆ ಮೇಲಿನವರಿಗಿಂತ ಮೊದಲು ಹೇಳಿ. ವೈದ್ಯರ ಪ್ರಮಾಣಪತ್ರ, ಇಸಿಜಿ ಕಡ್ಡಾಯವಾಗಿ ಕೇಳುತ್ತಾರೆ. ಅದನ್ನು ಮನೆಯವರಿಗೂ ತೋರಿಸಿ, ಧೈರ್ಯ ಬರುತ್ತದೆ.

ಊರಿನ ಬಾಯಿ, ಜೊತೆಯ ಕಾಲು

"ಇದರಿಂದ ಏನು ಬರುತ್ತೆ?" ಈ ಪ್ರಶ್ನೆ ಅಂಗಡಿ, ಬಸ್ ಸ್ಟ್ಯಾಂಡು, ಮದುವೆ ಮನೆ ಎಲ್ಲ ಕಡೆ ಎದುರಾಗುತ್ತದೆ. ಉತ್ತರವನ್ನು ಒಂದೇ ಸಾಲಿನಲ್ಲಿ ಸಿದ್ಧ ಮಾಡಿಟ್ಟುಕೊಳ್ಳಿ. ಊರಿಗೆ ಸಮಾಧಾನ ಹೇಳುವುದಕ್ಕಿಂತ ನಿಮಗೇ ಅದು ಬೇಕು. ನನ್ನ ಸಾಲು ಹೀಗಿತ್ತು: "ಒಂದು ಸಲ ಕೈಬಿಟ್ಟು ಬಂದಿದ್ದೀನಿ, ಮುಗಿಸಬೇಕು." ನಿಮ್ಮದು ಬೇರೆ ಇರಬಹುದು. ಬೇರೆಯವರನ್ನು ಮೆಚ್ಚಿಸುವ ಕಾರಣವಾಗಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಮೆಚ್ಚುವವರು ಯಾರೂ ಆ ಮರಳಿನಲ್ಲಿ ಇರುವುದಿಲ್ಲ.

ಒಬ್ಬರೇ ತಯಾರಾಗಬೇಡಿ. ಹೆಂಗಸರಂತೂ ಬೆಳಗಿನ ಜಾವ ಐದಕ್ಕೆ ಒಬ್ಬರೇ ಹೊಲದ ದಾರಿ ಹಿಡಿಯಬೇಡಿ. ನಾಯಿಗಳು ಒಂದು, ಉಳಿದ ಕಾಟ ಇನ್ನೊಂದು. ಜೊತೆಗಾರರು ನಿಮ್ಮಷ್ಟು ಓಡಬೇಕಿಲ್ಲ. ನನ್ನ ಜೊತೆ ಬರುತ್ತಿದ್ದದ್ದು ಪಕ್ಕದ ಬೀದಿಯ ಹುಡುಗಿ, ಸೈಕಲ್ ಮೇಲೆ. ಅವಳು ಪೊಲೀಸ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಳು. ನಾನು ಓಡುವಾಗ ಅವಳು ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತಿದ್ದಳು, ನಾನು ಏದುಸಿರಲ್ಲೇ ಉತ್ತರಿಸುತ್ತಿದ್ದೆ. ದಣಿದಾಗಲೂ ತಲೆ ಓಡಬೇಕು ಅನ್ನುವ ಅಭ್ಯಾಸ ನನಗೆ ಆದದ್ದು ಹಾಗೆ.

ಬಿಸಿಲು ಮತ್ತು ಬೇಸರ: ಎರಡೂ ನಮ್ಮಲ್ಲೇ ಸಿಗುತ್ತವೆ

ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತದೆ, ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಹೊರಡುವ ಮುಂಚಿನ ಎರಡು ವಾರ ಮಧ್ಯಾಹ್ನದ ಬಿಸಿಲಿನಲ್ಲಿ ಮೊದಲ ದಿನ 20 ನಿಮಿಷ ನಡಿಗೆ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಯಾವತ್ತೂ ಜೊತೆಗೊಬ್ಬರು ಇರಲಿ. ತಲೆ ಸುತ್ತುವುದು, ಮಾತು ತೊದಲುವುದು, ಕಾಲು ಅಡ್ಡಾದಿಡ್ಡಿ ಬೀಳುವುದು ಕಂಡರೆ ತಕ್ಷಣ ನೆರಳು, ಮೈಮೇಲೆ ನೀರು, ಆಸ್ಪತ್ರೆ. ಬರೀ ನೀರನ್ನೇ ಕುಡಿಯುತ್ತಾ ಹೋದರೂ ಅಪಾಯ; ರಕ್ತದಲ್ಲಿ ಉಪ್ಪು ಇಳಿದರೆ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಓಆರ್‌ಎಸ್ ಅಥವಾ ಉಪ್ಪು ಬೆರೆಸಿದ ಪಾನಕವನ್ನು ತಯಾರಿಯ ದಿನಗಳಲ್ಲೇ ಹೊಟ್ಟೆಗೆ ಅಭ್ಯಾಸ ಮಾಡಿಸಿ.

ಬಿಸಿಲಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇಸರ. ಗಂಟೆಗಟ್ಟಲೆ ನಡೆದರೂ ಎದುರಿನ ದಿಬ್ಬ ಹತ್ತಿರವಾಗುವುದಿಲ್ಲ. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಪಾಠಶಾಲೆ ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ ಸುತ್ತಲಿನ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಆ ಕಡೆಯ ಸಾರ್ವಜನಿಕ ರಸ್ತೆಯಲ್ಲಿ ನಡೆದರೆ ಎರಡೂ ಪಕ್ಕ ಒಂದೇ ಸಮನೆ ಫಲಕಗಳು, ಬೇಲಿ, ಬಿಸಿಲು. ಮರವಿಲ್ಲ, ಟೀ ಅಂಗಡಿಯಿಲ್ಲ. ಹಾಡು ಕೇಳದೆ, ಫೋನ್ ನೋಡದೆ ಅಲ್ಲಿ ಮೂರು ಗಂಟೆ ನಡೆಯಿರಿ. ಮೊದಲ ಗಂಟೆ ಮನಸ್ಸು ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ: ಹಳೆಯ ಜಗಳ, ಸಾಲ, ಯಾರೋ ಆಡಿದ ಮಾತು. ಎರಡನೇ ಗಂಟೆಗೆ ಅದೂ ಸುಸ್ತಾಗುತ್ತದೆ. ನಿಮ್ಮ ಮನಸ್ಸು ಯಾವ ಮಾತಿಗೆ ಮತ್ತೆ ಮತ್ತೆ ವಾಪಸ್ಸು ಬರುತ್ತದೆ ಅನ್ನುವುದನ್ನು ಗಮನಿಸಿ, ಮನೆಗೆ ಬಂದು ಬರೆದಿಡಿ. ಮರಳುಗಾಡಿನಲ್ಲಿ ನಿಮ್ಮನ್ನು ಹಿಡಿದು ಕೂರಿಸುವುದು ಅದೇ. ಮಾತಾಡಿ ಬಗೆಹರಿಸುವಂಥದ್ದಾದರೆ ಹೊರಡುವ ಮುಂಚೆ ಬಗೆಹರಿಸಿ.

ಮರಳಿನ ಮೇಲೆ ನಡೆಯಲು ಬೇಸಿಗೆಯಲ್ಲಿ ಜಯಮಂಗಲಿ ನದಿಯ ಒಣಗಿದ ಪಾತ್ರವಿದೆ. ಮರಳು ತೆಗೆದ ಗುಂಡಿಗಳಿರುತ್ತವೆ, ಕತ್ತಲಲ್ಲಿ ಹೋಗಬೇಡಿ. ಕೋಲಾರದ ಕಡೆಯವರು ಕೆಜಿಎಫ್‌ನ ಸೈನೈಡ್ ದಿಬ್ಬಗಳು ಮರಳುಗಾಡಿನ ಹಾಗೇ ಕಾಣುತ್ತವೆಂದು ಅಲ್ಲಿ ಓಡುವ ಯೋಚನೆ ಮಾಡುವುದುಂಟು. ದಯವಿಟ್ಟು ಬೇಡ. ಅದು ಗಣಿಯ ತ್ಯಾಜ್ಯ, ಆ ಧೂಳು ಎದೆಗೂಡಿಗೆ ಇಳಿಯಬಾರದು.

ಕೆಟ್ಟ ಗಳಿಗೆಗೆ ಚೀಟಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ತಯಾರಿ. ಒಂದು ಹಾಳೆಯಲ್ಲಿ ಎಡಕ್ಕೆ "ಹೀಗಾದರೆ", ಬಲಕ್ಕೆ "ಹೀಗೆ ಮಾಡುತ್ತೇನೆ" ಎಂದು ಬರೆಯಿರಿ. ದಣಿದ ತಲೆಗೆ ಹೊಸದಾಗಿ ಯೋಚಿಸುವ ಶಕ್ತಿ ಇರುವುದಿಲ್ಲ, ಬರೆದದ್ದನ್ನು ಓದಿ ಮಾಡುವ ಶಕ್ತಿ ಇರುತ್ತದೆ. ನನ್ನ ಚೀಟಿಯಲ್ಲಿದ್ದ ಕೆಲವು ಸಾಲುಗಳು:

ಬೊಬ್ಬೆ ಉರಿಯಲು ಶುರುವಾದರೆ, ಮುಂದಿನ ಚೆಕ್‌ಪಾಯಿಂಟ್‌ವರೆಗೆ ಕಾಯದೆ ಅಲ್ಲೇ ಕೂತು ಶೂ ಬಿಚ್ಚಿ ಟೇಪ್ ಹಾಕುತ್ತೇನೆ.
ಊಟ ಸೇರದಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಒಂದು ಚೂರು ಕೊಬ್ಬರಿ ಅಗಿಯುತ್ತೇನೆ.
ಅಳು ಬಂದರೆ, ಅಳುತ್ತಲೇ ನಡೆಯುತ್ತೇನೆ.
ಎಲ್ಲರೂ ನನ್ನನ್ನು ದಾಟಿ ಹೋದರೆ, ಮುಂದಿನ ಗುರುತಿನ ಕಲ್ಲನ್ನು ಮಾತ್ರ ನೋಡುತ್ತೇನೆ.
ಮರಳುಗಾಳಿ ಎದ್ದರೆ, ನಿಂತಲ್ಲೇ ಕೂರುತ್ತೇನೆ.

ಕೊನೆಯ ಸಾಲು ಸುಮ್ಮನೆ ಬರೆದದ್ದಲ್ಲ. 1994ರಲ್ಲಿ ಇಟಲಿಯ ಮೌರೊ ಪ್ರೊಸ್ಪೆರಿ ಇದೇ ಓಟದಲ್ಲಿ ಮರಳುಗಾಳಿಗೆ ಸಿಕ್ಕಿದರು. ಗಾಳಿ ಎದ್ದರೆ ಇದ್ದಲ್ಲೇ ನಿಲ್ಲಬೇಕು ಅನ್ನುವುದು ನಿಯಮ. ಸ್ಥಾನ ಕಳೆದುಕೊಳ್ಳಬಾರದೆಂದು ಅವರು ಮುಂದೆ ಹೋದರು, ದಾರಿ ತಪ್ಪಿತು. ಒಂಬತ್ತು ದಿನಕ್ಕೂ ಹೆಚ್ಚು ಕಾಲ ಅಲೆದು, ಗಡಿ ದಾಟಿ ಅಲ್ಜೀರಿಯಾದಲ್ಲಿ ಜೀವಸಹಿತ ಸಿಕ್ಕಿದರು. ಅವರು ಅನುಭವಿ ಓಟಗಾರರು. ಒಂದು ಕ್ಷಣದ ಆತುರ ಅವರನ್ನೂ ಬಿಡಲಿಲ್ಲ.

ನಿಮ್ಮೊಡನೆ ನೀವು ಆಡುವ ಮಾತನ್ನೂ ಮೊದಲೇ ಆರಿಸಿಕೊಳ್ಳಿ, ಅದು ನಿಮ್ಮ ಮನೆಯ ಕನ್ನಡದಲ್ಲೇ ಇರಲಿ. "ಕೈಲಾಗಲ್ಲ" ಅನ್ನುವ ಹುಡುಗನಿಗೆ ತರಗತಿಯಲ್ಲಿ ನಾನು ಹೇಳುವುದು "ಇದೊಂದು ಲೆಕ್ಕ ಮಾಡು ಮಗಾ, ಆಮೇಲೆ ನೋಡನ." ಆ ಮಾತನ್ನೇ ನನಗೆ ನಾನು ಜೋರಾಗಿ ಹೇಳಿಕೊಂಡೆ. ಪಕ್ಕದಲ್ಲಿದ್ದವರಿಗೆ ಭಾಷೆ ತಿಳಿಯದಿದ್ದರೂ ಅರ್ಥವಾಯಿತು ಅನ್ನಿಸುತ್ತದೆ, ಒಬ್ಬಾಕೆ ಬೆನ್ನು ತಟ್ಟಿ ಹೋದಳು.

ಯಾವಾಗ ಬಿಡಬೇಕು

ಇದನ್ನೂ ಮನೆಯಲ್ಲೇ, ತಣ್ಣಗಿನ ತಲೆಯಲ್ಲಿ ತೀರ್ಮಾನಿಸಿ ಬರೆದಿಡಿ. ವೈದ್ಯರು ಬೇಡ ಎಂದರೆ ಬಿಡುತ್ತೇನೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಓಟ ನಿಲ್ಲಿಸಿ ವೈದ್ಯರ ಡೇರೆಗೆ ಹೋಗುತ್ತೇನೆ. ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬಿಡುತ್ತೇನೆ. ಮನಸ್ಸು ಸೋತದ್ದಕ್ಕೆ ಮಾತ್ರ ಬೇರೆ ನಿಯಮ: ಕೂತು ಉಪ್ಪಿನ ನೀರು ಕುಡಿದು, ಏನಾದರೂ ತಿಂದು, ಅರ್ಧ ಗಂಟೆ ಕಣ್ಣು ಮುಚ್ಚಿ, ಎದ್ದ ಮೇಲೆ ತೀರ್ಮಾನ. ಮೊದಲ ಸಲ ಈ ಅರ್ಧ ಗಂಟೆಯನ್ನು ನಾನು ನನಗೆ ಕೊಟ್ಟುಕೊಳ್ಳಲಿಲ್ಲ.

ಮೈ ಸೋತು ಬಿಟ್ಟರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಈ ಮಾತನ್ನು ಹೊರಡುವ ಮುಂಚೆ ಮನೆಯವರ ಬಾಯಿಂದಲೇ ಕೇಳಿಸಿಕೊಂಡು ಹೋಗಿ.

ಡೇರೆಯ ಸಂಸಾರ

ಪಕ್ಕ ತೆರೆದ ಕಪ್ಪು ಡೇರೆ, ಕೆಳಗೊಂದು ಜಮಖಾನೆ, ಏಳೆಂಟು ಜನ, ಒಂದು ವಾರ. ಸ್ನಾನವಿಲ್ಲ. ಗೊರಕೆ, ಬೆವರು, ವಾಂತಿ, ಅಳು ಎಲ್ಲ ಅಲ್ಲೇ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದು ಅಷ್ಟು ಕಷ್ಟವಾಗಲಾರದು. ಒಂಟಿ ಕೋಣೆಯಲ್ಲಿ ಮಲಗಿ ರೂಢಿಯಾದವರು ಮುಂಚೆಯೇ ಒಂದು ವಾರ ನೆಲದ ಮೇಲೆ, ನಾಲ್ಕು ಜನರ ನಡುವೆ ಮಲಗಿ ನೋಡಿ. ಪಾದಯಾತ್ರೆಯ ಗುಂಪಿನೊಂದಿಗೆ ಮೂರು ದಿನ ನಡೆದು ಬಂದರೆ ಇನ್ನೂ ಒಳ್ಳೆಯದು.

ಮೊದಲ ಸಂಜೆ ಎಲ್ಲರ ಹೆಸರು ಕೇಳಿ ಕಲಿತುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಾರದೆಂದು ಮುದುಡಬೇಡಿ; ನಮ್ಮ ಡೇರೆಯಲ್ಲಿ ಅರ್ಧ ಜನಕ್ಕೆ ನನಗಿಂತ ಕಡಿಮೆ ಬರುತ್ತಿತ್ತು. ನೋವನ್ನು ಹೇಳಿಕೊಳ್ಳಿ, ಆದರೆ ರಾತ್ರಿಯೆಲ್ಲ ಅದನ್ನೇ ಹೇಳುತ್ತಾ ಕೂರಬೇಡಿ. ಒಬ್ಬರ ನರಳಾಟ ಡೇರೆಯನ್ನೆಲ್ಲ ಕುಗ್ಗಿಸುತ್ತದೆ. ಬೆಳಿಗ್ಗೆ ಬೇಗ ಏಳುವವರು ಪ್ಲಾಸ್ಟಿಕ್ ಚೀಲವನ್ನು ಬರಬರ ಅನ್ನಿಸದ ಹಾಗೆ ರಾತ್ರಿಯೇ ಜೋಡಿಸಿಡಿ. ಮಾಂಸ ತಿನ್ನದವರು ಮೊದಲೇ ತಿಳಿಸಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಹಂಚಿಕೊಳ್ಳಲೆಂದೇ ಒಂದು ಹಿಡಿ ಕಡ್ಲೆಬೀಜ ಹೆಚ್ಚಿಗೆ ಒಯ್ಯಿರಿ. ಹುರಿದ ಕಡ್ಲೆಬೀಜ, ಉಪ್ಪು, ಸ್ವಲ್ಪ ಖಾರದ ಪುಡಿ: ಐದನೇ ದಿನ, ಸಿಹಿ ತಿಂದು ತಿಂದು ಬಾಯಿ ಕೆಟ್ಟವರಿಗೆ ಅದು ಅಮೃತವಾಯಿತು.

ಹೆಣ್ಣುಮಕ್ಕಳಿಗೆ ಎರಡು ಮಾತು. ಮುಟ್ಟಿನ ದಿನ ಇಲ್ಲದಿದ್ದರೂ ಪ್ಯಾಡ್ ಅಥವಾ ಕಪ್ ಒಯ್ಯಿರಿ, ದಣಿವಿಗೆ ದಿನ ಹಿಂದೆಮುಂದೆ ಆಗುತ್ತದೆ. ಒಂದು ತೆಳ್ಳನೆಯ ಹತ್ತಿ ವೇಲ್ ಇರಲಿ. ತಲೆಗೆ ನೆರಳು, ಮೂಗಿಗೆ ಮರಳುತಡೆ, ಬಟ್ಟೆ ಬದಲಿಸುವಾಗ ಮರೆ, ಎಲ್ಲಕ್ಕೂ ಅದೇ ಆಗುತ್ತದೆ.

ಮನೆಯವರ ಏಳು ದಿನ

ಓಟಗಾರರ ಬಳಿ ಜಿಪಿಎಸ್ ಯಂತ್ರ ಇರುತ್ತದೆ, ಮನೆಯಲ್ಲಿ ಕೂತವರು ಮೊಬೈಲಿನಲ್ಲಿ ಒಂದು ಚುಕ್ಕೆಯಾಗಿ ನಿಮ್ಮನ್ನು ನೋಡಬಹುದು. ಆ ಚುಕ್ಕೆ ನಿಂತುಬಿಟ್ಟರೆ ಮನೆಯಲ್ಲಿ ಜೀವ ಬಾಯಿಗೆ ಬರುತ್ತದೆ. ಮೊದಲೇ ಹೇಳಿಡಿ: ಚುಕ್ಕೆ ನಿಂತರೆ ನಾನು ಊಟಕ್ಕೆ ಕೂತಿರಬಹುದು, ಟೇಪ್ ಹಾಕಿಕೊಳ್ಳುತ್ತಿರಬಹುದು, ಸಿಗ್ನಲ್ ಇಲ್ಲದಿರಬಹುದು. ಏನಾದರೂ ಆದರೆ ಓಟ ನಡೆಸುವವರೇ ಫೋನ್ ಮಾಡುತ್ತಾರೆ. ಆ ಫೋನ್ ಯಾರಿಗೆ ಬರಬೇಕು ಅನ್ನುವುದಕ್ಕೆ ಗಟ್ಟಿ ಎದೆಯ ಒಬ್ಬರನ್ನು ಆರಿಸಿ. ನಮ್ಮ ಮನೆಯಲ್ಲಿ ಅದು ನನ್ನ ನಾದಿನಿ. ಉಳಿದವರೆಲ್ಲ ಅವಳನ್ನೇ ಕೇಳುವುದು ಅಂತ ಮಾಡಿಕೊಂಡೆವು. ಅಲ್ಲಿನ ಸಮಯ ನಮ್ಮದಕ್ಕಿಂತ ಹಿಂದೆ. ನಮ್ಮ ಮಧ್ಯರಾತ್ರಿಯಲ್ಲಿ ಅವರಿಗೆ ಇನ್ನೂ ಸಂಜೆ ಅನ್ನುವುದನ್ನೂ ಗೋಡೆಗೆ ಬರೆದು ಅಂಟಿಸಿದ್ದೆ.

ಕೆಲವು ಓಟಗಳಲ್ಲಿ ಮನೆಯವರು ಬರೆದ ಸಂದೇಶವನ್ನು ಡೇರೆಗೆ ತಲುಪಿಸುವ ವ್ಯವಸ್ಥೆ ಇರುತ್ತದೆ. ಅಳಿಸುವ ಮಾತು ಬೇಡ, ದಿನದ ಸುದ್ದಿ ಬರೆಯಿರಿ ಎಂದು ಹೇಳಿ. ನನಗೆ ಬಂದ ಒಂದು ಸಂದೇಶ, ನಾದಿನಿಯ ಕೈಯಲ್ಲಿ ಅತ್ತೆ ಬರೆಸಿದ್ದು: ಕರು ಹಾಕಿದೆ, ಹೆಣ್ಣು, ಮಾವಿನ ಮಿಡಿ ಉಪ್ಪಿಗೆ ಹಾಕಿದ್ದೇವೆ. ಮರುದಿನ ಉದ್ದನೆಯ ಹಂತ ಪೂರ್ತಿ ನಾನು ಆ ಕರುವಿಗೆ ಹೆಸರು ಹುಡುಕುತ್ತಾ ನಡೆದೆ.

ಬಂದ ಮೇಲೆ

ಊರಿಗೆ ಬಂದರೆ ಶಾಲು, ಹಾರ, ಸನ್ಮಾನ ಇರುತ್ತದೆ. ಎರಡನೇ ವಾರದಿಂದ ಬರುವ ಖಾಲಿತನಕ್ಕೆ ಯಾರೂ ತಯಾರಿರುವುದಿಲ್ಲ. ನಿದ್ದೆ ಬರುವುದಿಲ್ಲ, ಸಣ್ಣದಕ್ಕೂ ಸಿಟ್ಟು, ಮನೆಯ ಕೆಲಸ ಭಾರ ಅನ್ನಿಸುತ್ತದೆ. ಇದು ಬಹಳ ಜನಕ್ಕೆ ಆಗುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರನ್ನು ಕಾಣಿ. ಆ ದಿನಗಳಲ್ಲಿ ಮುಂದಿನ ಓಟಕ್ಕೆ ಹೆಸರು ಕೊಡಬೇಡಿ. ರಜೆಯನ್ನು ಓಟ ಮುಗಿದ ಮೇಲೆ ನಾಲ್ಕು ದಿನ ಹೆಚ್ಚಿಗೇ ಹಾಕಿಕೊಳ್ಳಿ, ಮತ್ತು ಆ ನಾಲ್ಕು ದಿನವನ್ನು ನಿಮಗಾಗಿ ಭಾನುವಾರಗಳನ್ನು ಬಿಟ್ಟುಕೊಟ್ಟವರಿಗೆ ಕೊಡಿ. ನಾನು ಮೊದಲ ದಿನ ಹಾಲು ಕರೆದೆ, ಎರಡನೇ ದಿನ ಬ್ಯಾಗು ಒಗೆದೆ. ತಳದಲ್ಲಿ ಒಂದು ಹುರಿಟ್ಟಿನ ಪೊಟ್ಟಣ ಒಡೆಯದೆ ಉಳಿದಿತ್ತು. ಅತ್ತೆ ಅದನ್ನು ಹಾಲಿನಲ್ಲಿ ಕಲಸಿ, ಎರಡು ಲೋಟಕ್ಕೆ ಹಾಕಿದರು.